ಓದಲಾಗದ ಡಿಸ್ಕು ಬರಿದಾದ ಡಿಸ್ಕಲ್ಲ

ಸೇಡಂ ತಾಲ್ಲೂಕಿನ ಮುಧೋಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಗಿನ ಆಡಳಿತ ಭಾಷೆ ಉರ್ದು. ಅಂದಿನ ಉರ್ದು ದಸ್ತಾವೇಜನ್ನು ಕನ್ನಡ ಲಿಪಿಯನ್ನಷ್ಟೇ ಬಲ್ಲವನು ಓದಲಾರ. ಹಾಗೆಂದು ಅದನ್ನು ಬರಿಯ ಕಾಗದವೆಂದು ಎಸೆಯುವನೇ?

ಕಂಪ್ಯೂಟರು ಹೊರಗಿನಿಂದ ಜೋಡಿಸಿದ ಹಾರ್ಡ್ ಡಿಸ್ಕನ್ನು ಓದದಿರುವುದಕ್ಕೂ ಅನೇಕ ವೇಳೆ ಇಂಥದೇ ಕಾರಣ. ಯಾವ ಕಡತ ಡಿಸ್ಕಿನಲ್ಲಿ ಎಲ್ಲಿದೆಯೆಂದು ಬರೆದಿಡುವ ಕ್ರಮಕ್ಕೆ ‘ಫೈಲ್ ಸಿಸ್ಟಮ್’ ಎಂದು ಹೆಸರು. ಈ ಕ್ರಮಗಳು ಹಲವು.

1996ರಲ್ಲಿ ಬಂದ ಫ್ಯಾಟ್-32 ಅನ್ನು ಬಹುತೇಕ ಯಂತ್ರಗಳು ಬಲ್ಲವು. ಆದರೆ ಅದು ಕಡತದ ಗಾತ್ರವನ್ನು 32 ಬಿಟ್‌ಗಳಲ್ಲಿ ಬರೆಯುವುದರಿಂದ, 4,29,49,67,295 ಬೈಟ್‌ಗಳಿಗೆ ಮೀರಿದ ಚಲನಚಿತ್ರ ಅದರಲ್ಲಿ ಹಿಡಿಸದು. 2006ರ ಎಕ್ಸ್‌ಫ್ಯಾಟ್‌ಗೆ ಈ ತೊಡಕಿಲ್ಲ. ಲಿನಕ್ಸ್ ತಿರುಳಿಗೆ ಅದು ಸೇರಿದ್ದು 2019ರಲ್ಲಿ. ಆದುದರಿಂದ ಹಳೆಯ ಲಿನಕ್ಸ್ ಯಂತ್ರಕ್ಕೆ ಅದು ತಿಳಿಯದಿರಬಹುದು.

ಟಿ.ವಿ.ಗೆ ಜೋಡಿಸಿದ ಲಿನಕ್ಸ್ ಕಂಪ್ಯೂಟರಿನಲ್ಲಿ ಎಕ್ಸ್ಟ್-4 ಕ್ರಮದಲ್ಲಿ ಸಿದ್ಧಗೊಳಿಸಿದ ಡಿಸ್ಕನ್ನು ವಿಂಡೋಸಿಗೆ ಚುಚ್ಚಿದೆವೆನ್ನೋಣ. ಆ ಕ್ರಮವನ್ನರಿಯದ ವಿಂಡೋಸು, ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಇಲ್ಲಿಯೇ ಅಪಾಯವಿರುವುದು. ಒಪ್ಪಿದರೆ ಮದುವೆಯ ಚಿತ್ರಗಳೂ ಅಜ್ಜಿಯ ಹಾಡುಗಳೂ ಕೈತಪ್ಪಬಹುದು.

ಆದುದರಿಂದ ಮೊದಲು ನಿರಾಕರಿಸೋಣ. ಡಿಸ್ಕನ್ನು ಸಿದ್ಧಗೊಳಿಸಿದ ಯಂತ್ರಕ್ಕೇ ಮರಳಿ ಜೋಡಿಸಿ, ಕಡತಗಳನ್ನು ಎಕ್ಸ್‌ಫ್ಯಾಟ್ ಕ್ರಮದ ಬೇರೊಂದು ಡಿಸ್ಕಿಗೆ ನಕಲಿಸೋಣ. ನಕಲು ಸರಿಯಾಗಿ ತೆರೆಯುವುದೆಂದು ಕಂಡ ಬಳಿಕವೇ ಹಳೆಯದನ್ನು ಅಳಿಸುವುದು ಯುಕ್ತ.