ಮಂಜುಗಡ್ಡೆಯ ಉಪಚಾರ



ಖೋ ಖೋ ಆಡುವಾಗ ಒಬ್ಬಳ ಕಾಲು ಹೊರಳಿ ಹರಡು ಊದಿಕೊಳ್ಳುತ್ತದೆ. ಚುಂಚನಕಟ್ಟೆಯ ಜಾತ್ರೆಯ ಗುಂಪಿನಲ್ಲಿ ಇನ್ನೊಬ್ಬಳ ಮೊಣಕಾಲಿಗೆ ಪೆಟ್ಟು ತಗಲುತ್ತದೆ. ಇಂಥ ಸಮಯದಲ್ಲಿ ಮಂಜುಗಡ್ಡೆ ತನ್ನಿರೆಂದು ಕೂಗುವವರು ಅನೇಕರು. ಅದನ್ನಿಡುವ ಕ್ರಮವನ್ನು ಬಲ್ಲವರು ಕೆಲವರು. ಕ್ರಮವನ್ನರಿಯದೆ ಇಟ್ಟ ಮಂಜುಗಡ್ಡೆಯು ಚರ್ಮವನ್ನು ಬೆಂಕಿಯಂತೆಯೇ ಸುಡಬಲ್ಲದು.

ಪೆಟ್ಟು ಬಿದ್ದಾಗ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಒಡೆದು, ರಕ್ತವೂ ನೀರೂ ಸೋರಿ ಬಾವು ಉಂಟಾಗುವುದು. ತಂಪು ತಗಲಿದೊಡನೆ ನಾಳಗಳು ಸಂಕುಚಿತವಾಗುವುವು. ನರಗಳ ಚುರುಕು ತಗ್ಗಿ ನೋವು ಕಡಮೆಯಾಗುವುದು. ಒಂದು ಗ್ರಾಮ್ ಮಂಜುಗಡ್ಡೆ ಕರಗಲು ಸುಮಾರು ೮೦ ಕೆಲೊರಿ ಶಾಖ ಬೇಕು. ಅದನ್ನು ನಮ್ಮ ಮೈಯಿಂದಲೇ ಸೆಳೆಯುತ್ತದೆ. ಅಪಾಯವೂ ಇಲ್ಲಿಯೇ ಅಡಗಿದೆ. ನೋವೆಂಬುದು ಶರೀರದ ಕಾವಲುಗಾರ. ಮಂಜುಗಡ್ಡೆಯು ಆ ಕಾವಲುಗಾರನನ್ನೇ ನಿದ್ರೆಗೊಳಿಸುವುದರಿಂದ, ಚರ್ಮವು ಹೆಪ್ಪುಗಟ್ಟತೊಡಗಿದರೂ ನಮಗೆ ತಿಳಿಯದು. ಆಗ ಅವನ ಕೆಲಸವನ್ನು ಗಡಿಯಾರವೂ ಕಣ್ಣೂ ಮಾಡತಕ್ಕದ್ದು.

ಫ್ರೀಜರಿನೊಳಗಿನ ಶೈತ್ಯವು ಸಾಮಾನ್ಯವಾಗಿ ಸೊನ್ನೆಗಿಂತ ೧೮ ಡಿಗ್ರಿ ಸೆಂಟಿಗ್ರೇಡ್ ಕೆಳಗಿರುವುದು. ಆದಕಾರಣ ಅಲ್ಲಿಂದ ತೆಗೆದ ಗಡ್ಡೆಯನ್ನಾಗಲಿ, ಅಂಗಡಿಯ ಜೆಲ್ ಚೀಲವನ್ನಾಗಲಿ ಬರಿಯ ಚರ್ಮಕ್ಕೆ ತಾಗಿಸಕೂಡದು. ಗಡ್ಡೆಯನ್ನು ಪುಡಿಮಾಡಿ, ತುಸು ನೀರು ಸೇರಿಸಿ, ಚೀಲದಲ್ಲಿ ಕಟ್ಟಿ, ಅದರ ಮೇಲೆ ಒದ್ದೆಯಾದ ತೆಳುವಾದ ಬಟ್ಟೆಯನ್ನು ಸುತ್ತಬೇಕು. ೧೦ ರಿಂದ ೧೫ ನಿಮಿಷ ಇಟ್ಟರೆ ಸಾಕು; ೨೦ ನಿಮಿಷವನ್ನು ಎಂದಿಗೂ ಮೀರಬಾರದು. ೫ ನಿಮಿಷಕ್ಕೊಮ್ಮೆ ತೆಗೆದು ನೋಡಿರಿ. ಚರ್ಮ ಬಿಳಿಚಿದರೆ, ಉರಿದರೆ, ಅಥವಾ ಜೋಮು ಹಿಡಿದರೆ ಒಡನೆಯೇ ತೆಗೆದುಬಿಡಿರಿ. ಮತ್ತೊಮ್ಮೆ ಇಡುವುದಕ್ಕೆ ಎರಡು ಗಂಟೆಯಾದರೂ ಕಳೆಯಲಿ. ಇಟ್ಟುಕೊಂಡು ನಿದ್ದೆಹೋಗಲೇಬಾರದು. ಮಂಜುಗಡ್ಡೆ ದೊರೆಯದಿದ್ದರೆ ಬಾವಿಯ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯೂ ಹಿತವೇ.

ಮಂಜುಗಡ್ಡೆ ಸಲ್ಲದ ಸ್ಥಳಗಳನ್ನೂ ತಿಳಿದಿರಬೇಕು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಕಾದ ಕೊಳವೆಗೆ ಕೈ ತಗಲಿ ಸುಟ್ಟರೆ, ಹರಿಯುವ ತಣ್ಣೀರನ್ನು ೨೦ ನಿಮಿಷ ಬಿಡಿರಿ. ಮಂಜುಗಡ್ಡೆ ಬೇಡ, ಅದು ಸುಟ್ಟ ಚರ್ಮವನ್ನು ಮತ್ತಷ್ಟು ಕೆಡಿಸುವುದು. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಾಗಲಿ ಕೃಷ್ಣರಾಜನಗರದ ಗದ್ದೆಬಯಲಿನಲ್ಲಾಗಲಿ ಹಾವು ಕಚ್ಚಿದರೆ, ಮಂಜುಗಡ್ಡೆ ಇಡುವುದೂ, ಬಿಗಿಯಾಗಿ ಕಟ್ಟುವುದೂ, ಕೊಯ್ಯುವುದೂ ಹಾನಿಕರ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ೧೦೮ಕ್ಕೆ ಕರೆಮಾಡಿ, ವಿಷಹರ ಔಷಧಿಯಿರುವ ಆಸ್ಪತ್ರೆಗೆ ಒಯ್ಯಿರಿ. ತೆರೆದ ಗಾಯಕ್ಕೂ ಮಂಜುಗಡ್ಡೆ ಸಲ್ಲದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದ ಅಜ್ಜಿಯರಿಗೆ ವೈದ್ಯರನ್ನು ಕೇಳದೆ ಇಡಕೂಡದು. ಅವರ ಕಾವಲುಗಾರನು ಮೊದಲೇ ನಿದ್ರಿಸುತ್ತಿದ್ದಾನೆ. ಅಂಗ ಸೊಟ್ಟಗಾದರೆ, ಅಥವಾ ಪೆಟ್ಟಾದವಳು ನಾಲ್ಕು ಹೆಜ್ಜೆಯನ್ನೂ ಇಡಲಾರದಿದ್ದರೆ, ಎಲುಬು ಮುರಿದಿರಬಹುದೆಂದು ಭಾವಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು.

೧೯೭೮ರಲ್ಲಿ ಅಮೇರಿಕದ ವೈದ್ಯ ಗೇಬ್ ಮರ್ಕಿನ್ನರು ಉಳುಕಿಗೆ ವಿಶ್ರಾಂತಿ, ಮಂಜುಗಡ್ಡೆ, ಬಟ್ಟೆಯ ಕಟ್ಟು, ಅಂಗವನ್ನು ಎತ್ತರಿಸುವುದು ಎಂಬ ನಾಲ್ಕು ಉಪಚಾರಗಳನ್ನು ಬೋಧಿಸಿದರು. ೨೦೧೪ರಲ್ಲಿ ಅವರೇ, ಮಂಜುಗಡ್ಡೆಯು ಗುಣವಾಗುವುದನ್ನು ತಡಮಾಡಬಹುದೆಂದು ಬರೆದರು. ಆದುದರಿಂದ ಅದನ್ನು ಮೊದಲ ಒಂದೆರಡು ದಿನ, ನೋವಿನ ಶಮನಕ್ಕಾಗಿ ಮಾತ್ರ, ಮಿತವಾಗಿ ಬಳಸುವುದು ಲೇಸು.

ನಡುವೆ ಬಟ್ಟೆ, ಕೈಯಲ್ಲಿ ಗಡಿಯಾರ, ಚರ್ಮದ ಮೇಲೆ ಕಣ್ಣು: ಈ ಮೂರನ್ನು ಮರೆಯದಿರಿ. ಮನೆಗೆ ಹೋದಾಗ ತಾಯಿಗೂ ತಂಗಿಯರಿಗೂ ತಿಳಿಸಿರಿ.