ಮಾತು ನಿಂತರೂ ಮನಸ್ಸು ನಿಲ್ಲುವುದಿಲ್ಲ



ಸಂತ ಲೂಕನ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಯಾಜಕ ಜಕರೀಯನ ಮಾತು ನಿಂತುಹೋದ ಪ್ರಸಂಗ ನಮಗೆಲ್ಲ ತಿಳಿದಿದೆ. ಮಗುವಿಗೆ ಯಾವ ಹೆಸರಿಡಬೇಕೆಂದು ಬಂಧುಗಳು ಸನ್ನೆ ಮಾಡಿ ಕೇಳಿದಾಗ, ಆತ ಬರೆಯುವ ಹಲಗೆಯನ್ನು ತರಿಸಿಕೊಂಡು ಯೊವಾನ್ನ ಎಂಬ ಹೆಸರನ್ನು ಬರೆದನು. ಅವನ ಬಾಯಿ ಕಟ್ಟಿತ್ತು, ಆದರೆ ಭಾಷೆ ತಲೆಯೊಳಗೆ ಭದ್ರವಾಗಿತ್ತು.

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿಯೂ ಲಕ್ವ ಹೊಡೆದು ಮಾತು ನಿಂತವರ ಕೈಗೆ ಮನೆಯವರು ಹೀಗೆಯೇ ಕಾಗದ, ಪೆನ್ನು ಕೊಡುವುದುಂಟು. ರೋಗಿ ಏನೋ ಗೀಚುತ್ತಾರೆ, ಅಕ್ಷರ ಮೂಡುವುದಿಲ್ಲ. ಆಗ "ಪಪ್ಪನಿಗೆ ಬುದ್ಧಿಯೇ ಹೋಯಿತು" ಎಂಬ ತೀರ್ಮಾನ ಹೊರಡುತ್ತದೆ. ಬಳಿಕ ಅವರ ಎದುರಿನಲ್ಲಿಯೇ ಅವರ ಚಿಕಿತ್ಸೆಯ ಖರ್ಚು, ಜಾಗದ ಪಾಲು, ಮುಂದಿನ ವ್ಯವಸ್ಥೆಯ ಮಾತುಗಳು ನಡೆಯುತ್ತವೆ. ಅವರು ಎಲ್ಲವನ್ನೂ ಅರ್ಥ ಮಾಡಿಕೊಳ್ಳುತ್ತಾ ಮಲಗಿರಬಹುದು ಎಂಬ ಯೋಚನೆ ಯಾರಿಗೂ ಬರುವುದಿಲ್ಲ. ಆದುದರಿಂದ ಈ ವಿಷಯವನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಒಳ್ಳೆಯದು.

ಭಾಷೆಯ ನೆಲೆ ಎಲ್ಲಿದೆ?

ಮಾತು ನಾಲಗೆಯಲ್ಲಿ ಹುಟ್ಟುವುದಿಲ್ಲ, ಮೆದುಳಿನಲ್ಲಿ ಹುಟ್ಟುತ್ತದೆ. ಬಲಗೈ ಬಳಸುವ ಬಹುಪಾಲು ಜನರಲ್ಲಿ ಭಾಷೆಯ ಮುಖ್ಯ ಕೆಲಸ ಮೆದುಳಿನ ಎಡಭಾಗದಲ್ಲಿ ನಡೆಯುತ್ತದೆ. ದೇಹದ ಬಲಭಾಗವನ್ನು ಆಳುವುದೂ ಅದೇ ಎಡಭಾಗ. ಎಡಭಾಗದ ರಕ್ತನಾಳ ಕಟ್ಟಿಕೊಂಡರೆ ಬಲಗೈ, ಬಲಗಾಲು ಬೀಳುವುದರ ಜೊತೆಗೆ ಮಾತೂ ಹೋಗುವುದು ಇದೇ ಕಾರಣದಿಂದ. 137ನೆಯ ಕೀರ್ತನೆಯಲ್ಲಿ ಭಕ್ತನು ಬಲಗೈ ಸೋಲುವುದನ್ನೂ ನಾಲಗೆ ಅಂಟಿಕೊಳ್ಳುವುದನ್ನೂ ಒಟ್ಟಿಗೆ ಹೇಳುತ್ತಾನೆ. ಮೆದುಳಿನ ವೈದ್ಯರಲ್ಲಿ ಹಲವರು ಈ ಜೋಡಣೆಯನ್ನು ಕುತೂಹಲದಿಂದ ಗಮನಿಸಿದ್ದಾರೆ.

1861ರಲ್ಲಿ ಪ್ಯಾರಿಸಿನ ವೈದ್ಯ ಪೌಲ್ ಬ್ರೋಕಾ ಒಬ್ಬ ರೋಗಿಯನ್ನು ಕಂಡರು. ಆತನ ಬಾಯಿಂದ "ಟಾನ್" ಎಂಬ ಒಂದೇ ಶಬ್ದ ಬರುತ್ತಿತ್ತು. ಆದರೆ ಇತರರು ಹೇಳಿದ್ದು ಅವನಿಗೆ ಬಹುಮಟ್ಟಿಗೆ ಅರ್ಥವಾಗುತ್ತಿತ್ತು. ಕೆಲವೇ ದಿನಗಳಲ್ಲಿ ಆತ ಸತ್ತಾಗ ಬ್ರೋಕಾ ಪರೀಕ್ಷಿಸಿ ನೋಡಿದರು. ಮೆದುಳಿನ ಎಡಭಾಗದ ಮುಂದಿನ ಅಂಶ ಹಾಳಾಗಿತ್ತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದರು. ಕಿವಿಯ ಮೇಲ್ಗಡೆಗೆ, ಸ್ವಲ್ಪ ಹಿಂದಿರುವ ಭಾಗಕ್ಕೆ ಪೆಟ್ಟಾದವರು ಸರಾಗವಾಗಿ ಮಾತಾಡುತ್ತಾರೆ. ಆದರೆ ಪದಗಳು ಅದಲುಬದಲಾಗಿ ಅರ್ಥ ಕೂಡಿಬರುವುದಿಲ್ಲ, ಇತರರ ಮಾತೂ ಅವರಿಗೆ ಸರಿಯಾಗಿ ತಿಳಿಯುವುದಿಲ್ಲ. ಭಾಷೆ ಈ ಎರಡು ಜಾಗಗಳಲ್ಲಿ ಮಾತ್ರ ಇಲ್ಲ, ಅನೇಕ ಭಾಗಗಳು ಸೇರಿದ ಒಂದು ಜಾಲವೇ ಈ ಕೆಲಸ ಮಾಡುತ್ತದೆ ಎಂದು ಈಗ ತಿಳಿದಿದೆ.

ಹೀಗೆ ಭಾಷೆಗೇ ಬೀಳುವ ಪೆಟ್ಟನ್ನು ವೈದ್ಯರು ಅಫೇಸಿಯಾ ಎನ್ನುತ್ತಾರೆ. ಇಲ್ಲಿ ಮಾತಿನಂತೆ ಬರಹವೂ ಕೆಡುತ್ತದೆ. ಜಕರೀಯನ ಹಲಗೆ ಇವರ ನೆರವಿಗೆ ಬಾರದಿರುವುದು ಇದೇ ಕಾರಣಕ್ಕೆ. ಇದು ಹುಚ್ಚಲ್ಲ, ಮರೆವಿನ ರೋಗವಲ್ಲ, ಯಾರೋ ಮಾಡಿಸಿದ ಮಾಟವೂ ಅಲ್ಲ.

ಹಲವು ಭಾಷೆಗಳ ಮನೆ

ನಮ್ಮಲ್ಲಿ ಒಬ್ಬನೇ ವ್ಯಕ್ತಿ ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿಯೂ ಪೇಟೆಯಲ್ಲಿಯೂ ತುಳು, ಶಾಲೆ ಮತ್ತು ಕಚೇರಿಯಲ್ಲಿ ಕನ್ನಡ ಆಡುತ್ತಾನೆ. ಬೆಳ್ತಂಗಡಿಯ ಸೀರೋ ಮಲಬಾರ್ ಕುಟುಂಬಗಳಲ್ಲಿ ಮಲಯಾಳವೂ ಇದೆ. ಪೆಟ್ಟು ಬಿದ್ದಾಗ ಇವುಗಳಲ್ಲಿ ಯಾವುದು ಉಳಿಯುತ್ತದೆ? ಫ್ರಾನ್ಸಿನ ವೈದ್ಯ ಪಿತ್ರ್ 1895ರಲ್ಲಿ, ರೋಗಕ್ಕೆ ಮೊದಲು ಹೆಚ್ಚು ಬಳಕೆಯಲ್ಲಿದ್ದ ಭಾಷೆ ಮೊದಲು ಮರಳುತ್ತದೆ ಎಂದರು. ಎಲ್ಲರಲ್ಲಿಯೂ ಹಾಗಾಗುವುದಿಲ್ಲ. ಎಷ್ಟೋ ಜನರಲ್ಲಿ ಎಲ್ಲ ಭಾಷೆಗಳೂ ಒಟ್ಟಿಗೆ ಸುಧಾರಿಸುತ್ತವೆ. ಕೆಲವರಲ್ಲಿ ಒಂದು ಮುಂದೆ, ಇನ್ನೊಂದು ಹಿಂದೆ. ಕೆಲವರು ಕೊಂಕಣಿಯಲ್ಲಿ ಕೇಳಿದ್ದಕ್ಕೆ ತುಳುವಿನಲ್ಲಿ ಉತ್ತರಿಸಿಯಾರು. ನಗಬೇಡಿ, ತಿದ್ದಲೂ ಬೇಡಿ. ಯಾವ ಭಾಷೆಯಲ್ಲಿ ಬಂದರೂ ಅದು ಉತ್ತರವೇ. ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಮಾತ್ರ ಪರೀಕ್ಷೆ ನಡೆದರೆ, ರೋಗಿ ಮನೆಯಲ್ಲಿ ಆಡುತ್ತಿದ್ದ ಭಾಷೆ ಯಾವುದೆಂದು ನೀವಾಗಿಯೇ ತಿಳಿಸಿ.

ಪ್ರಾರ್ಥನೆ ಉಳಿಯುವ ಬಗೆ

ನೀರು ಬೇಕೆಂದು ಕೇಳಲಾಗದವರು ಸಂಜೆಯ ತೇರ್ಸ್ ಆರಂಭವಾದಾಗ ಇತರರ ಸಂಗಡ ದನಿಗೂಡಿಸುವುದುಂಟು. ಮನೆಯವರಿಗೆ ಇದು ಪವಾಡವೆನಿಸಬಹುದು, ನಟನೆಯೆಂಬ ಸಂಶಯವೂ ಬರಬಹುದು. ಬಾಲ್ಯದಿಂದ ಸಾವಿರಾರು ಸಲ ಹೇಳಿದ ಪ್ರಾರ್ಥನೆ, ಹಾಡು, ಒಂದರಿಂದ ಹತ್ತರ ಎಣಿಕೆ, ವಾರಗಳ ಹೆಸರು ಇವೆಲ್ಲ ಹೊಸ ವಾಕ್ಯದಂತೆ ಕಟ್ಟಬೇಕಾದವಲ್ಲ, ಅಭ್ಯಾಸಬಲದಿಂದ ಹರಿದುಬರುತ್ತವೆ. ಮೆದುಳಿನ ಬಲಭಾಗವೂ ಆಳದ ಭಾಗಗಳೂ ಇದಕ್ಕೆ ನೆರವಾಗುತ್ತವೆ ಎಂದು ತಜ್ಞರು ಹೇಳುತ್ತಾರೆ. ರಾಗದ ಮೂಲಕ ಮಾತು ಕಲಿಸುವ ಚಿಕಿತ್ಸಾಕ್ರಮ 1973ರಿಂದ ಬಳಕೆಯಲ್ಲಿದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬೈಗುಳವೂ ಇದೇ ದಾರಿಯಲ್ಲಿ ಹೊರಬರುತ್ತದೆ. ಜೀವಮಾನವಿಡೀ ಕೆಟ್ಟ ಮಾತಾಡದ ಅಜ್ಜಿಯ ಬಾಯಿಂದ ಬೈಗುಳ ಬಂದರೆ ಅದನ್ನು ಪಾಪವೆಂದು ಎಣಿಸಬೇಡಿ. ಮನಸ್ಸಿನ ಸಮ್ಮತಿಯಿಲ್ಲದೆ ಬಂದ ಶಬ್ದಕ್ಕೆ ಅವರು ಹೊಣೆಯಲ್ಲ.

ಮೊದಲ ಗಂಟೆಗಳ ಬೆಲೆ

ಮುಖ ಒಂದು ಕಡೆಗೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅಥವಾ ನಿಂತರೆ, ಅದು ಯಾವ ಗಂಟೆಗೆ ಆರಂಭವಾಯಿತೆಂದು ನೋಡಿಟ್ಟುಕೊಂಡು ಕೂಡಲೇ ಹೊರಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವದಲ್ಲಿ, ಹೆಪ್ಪು ಕರಗಿಸುವ ಇಂಜೆಕ್ಷನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೆ ಮೊದಲು ತಲೆಯ ಸ್ಕ್ಯಾನ್ ಆಗಬೇಕು, ಏಕೆಂದರೆ ರಕ್ತಸ್ರಾವವಾಗಿದ್ದರೆ ಅದೇ ಇಂಜೆಕ್ಷನ್ ಅಪಾಯಕಾರಿ. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್ ದಾರಿ. ಎಣ್ಣೆ ತಿಕ್ಕುತ್ತಾ, ಪಾರಿವಾಳದ ರಕ್ತ ಸವರುತ್ತಾ ಬೆಳಗಾಗಲಿ ಎಂದು ಕಾದರೆ ಆ ಸಮಯ ಕೈತಪ್ಪುತ್ತದೆ. 108ಕ್ಕೆ ಕರೆ ಮಾಡಿ. ಬಾಯಿಗೆ ನೀರು, ಕಾಫಿ, ಮಾತ್ರೆ ಏನನ್ನೂ ಹಾಕಬೇಡಿ. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ತಲೆಗೆ ಬೀಳುವ ಪೆಟ್ಟಿನಿಂದಲೂ ಭಾಷೆ ಹೋಗುತ್ತದೆ. ಅಡಿಕೆ, ತೆಂಗಿನ ಮರದಿಂದ ಬೀಳುವವರು, ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಹೋಗುವ ಯುವಕರು ಇದನ್ನು ನೆನಪಿಡಬೇಕು. ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದ ಹಿರಿಯರೂ ನೆನಪಿಡಬೇಕು.

ಮನೆಯವರು ಏನು ಮಾಡಬೇಕು?

ಮೊದಲ ಕೆಲವು ತಿಂಗಳುಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ. ಬಳಿಕ ನಿಧಾನವಾದರೂ ನಿಲ್ಲಬೇಕೆಂದಿಲ್ಲ. ವಾಕ್ ಚಿಕಿತ್ಸೆಯನ್ನು ಬೇಗನೆ ಆರಂಭಿಸಿ. 1880ರಲ್ಲಿ ಯೇಸುಸಭೆಯ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಆರಂಭಿಸಿದ ಸೇವೆಯಿಂದ ಬೆಳೆದ ಸಂಸ್ಥೆಯಲ್ಲಿ ಇಂದು ವಾಕ್ ಮತ್ತು ಶ್ರವಣ ವಿಭಾಗವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸದಲ್ಲಿದೆ.

ಮನೆಯಲ್ಲಿ ಟಿ.ವಿ. ನಿಲ್ಲಿಸಿ, ಎದುರಿಗೆ ಕುಳಿತು ಸಣ್ಣ ವಾಕ್ಯಗಳಲ್ಲಿ ಮಾತಾಡಿ. ಅವರು ಕಿವುಡರಲ್ಲ, ಕೂಗಬೇಡಿ. ಮಕ್ಕಳೂ ಅಲ್ಲ, ಮುದ್ದು ಮಾತು ಬೇಡ. "ಏನು ಬೇಕು?" ಎನ್ನುವ ಬದಲು "ಗಂಜಿಯೋ, ಕಾಫಿಯೋ?" ಎಂದು ಎರಡನ್ನೂ ತೋರಿಸಿ ಕೇಳಿ. ಹೌದು, ಅಲ್ಲ ಎಂಬ ಪದಗಳು ಅವರಿಗೆ ಅದಲುಬದಲಾಗಬಹುದು. ಆದುದರಿಂದ ಮುಖವನ್ನೂ ಕೈಸನ್ನೆಯನ್ನೂ ನೋಡಿ. ಉತ್ತರಕ್ಕೆ ಕಾಯಿರಿ. ಪದ ಬಾಯಿಗೆ ಬರುವ ಮೊದಲೇ ನೀವು ಹೇಳಿಬಿಟ್ಟರೆ ಅವರ ಪ್ರಯತ್ನ ಅಲ್ಲಿಗೇ ನಿಲ್ಲುತ್ತದೆ.

ಧರ್ಮಗುರುಗಳಿಗೆ ಮೊದಲೇ ತಿಳಿಸಿ. ಮಾತು ಬಾರದವರು ಸನ್ನೆಯಿಂದ ಪಾಪನಿವೇದನೆ ಮಾಡಬಹುದು. ನುಂಗುವುದು ಕಷ್ಟವಾದರೆ ಪರಮಪ್ರಸಾದದ ಚಿಕ್ಕ ತುಣುಕು ಸಾಕು. ರೋಗಿಗಳ ಅಭ್ಯಂಗ ಸಾಯುವವರಿಗೆ ಮಾತ್ರ ಎಂಬ ಹಳೆಯ ಭಯವನ್ನು ಬಿಡಿ. ವಾಳೆಯ ಗುರಿಕಾರರೂ ನೆರೆಹೊರೆಯವರೂ ಭೇಟಿಗೆ ಬಂದಾಗ ಮನೆಯವರೊಡನೆ ಮಾತ್ರ ಮಾತಾಡಿ ಹೋಗದೆ, ರೋಗಿಯ ಕೈ ಹಿಡಿದು ಅವರ ಹೆಸರು ಹೇಳಿ ಮಾತಾಡಿಸಲಿ. ಮಾತು ಬಾರದವನನ್ನು ಯೇಸು ಜನರ ಗುಂಪಿನಿಂದ ಆಚೆಗೆ ಕರೆದೊಯ್ದು, ಅವನ ಕಿವಿಯನ್ನೂ ನಾಲಗೆಯನ್ನೂ ಮುಟ್ಟಿದರೆಂದು ಸಂತ ಮಾರ್ಕನು ತಿಳಿಸುತ್ತಾನೆ. ಆ ಒಬ್ಬನಿಗಾಗಿ ಯೇಸು ಸಮಯ ಕೊಟ್ಟರು.

ಕುಟುಂಬದಲ್ಲಿ ಚಿಂತಿಸಲು

1. ಮಾತಾಡಲಾಗದ ಹಿರಿಯರು ನಮ್ಮ ಮನೆಯಲ್ಲಿ ಅಥವಾ ವಾಳೆಯಲ್ಲಿ ಇದ್ದಾರೆಯೇ? ಅವರ ಎದುರಿನಲ್ಲಿ ನಾವು ಏನು ಮಾತಾಡುತ್ತೇವೆ?

2. ರಾತ್ರಿ ಹೊತ್ತು ಲಕ್ವದ ಲಕ್ಷಣ ಕಂಡರೆ ಯಾರಿಗೆ ಕರೆ ಮಾಡುವುದು, ಯಾವ ಆಸ್ಪತ್ರೆಗೆ ಹೋಗುವುದು ಎಂದು ನಾವು ನಿಶ್ಚಯಿಸಿದ್ದೇವೆಯೇ?

3. ಈ ವಾರ ಅಂಥ ಒಬ್ಬರ ಬಳಿ ಅರ್ಧ ಗಂಟೆ ಕುಳಿತು, ಅವರ ಮನೆಭಾಷೆಯಲ್ಲಿಯೇ ಜಪಸರ ಹೇಳೋಣವೇ?