ಐಲಾ ದ್ವೀಪದ ಡಿಸ್ಟಿಲರಿಗಳಿಗೆ ಹೋಗುವವರಿಗೆ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಇರುವ ಐಲಾ ದ್ವೀಪದ ಜನಸಂಖ್ಯೆ ಸುಮಾರು ಮೂರು ಸಾವಿರ. ಅಷ್ಟೇ ಜನರ ನಡುವೆ ಹತ್ತು ವಿಸ್ಕಿ ಡಿಸ್ಟಿಲರಿಗಳಿವೆ. ಅವುಗಳಲ್ಲೊಂದು ಅದೇ ಅಂಗಳದಲ್ಲಿ ಜಿನ್ನನ್ನೂ ಇಳಿಸುತ್ತದೆ. ವಿಸ್ಕಿಯ ಮೇಲೆ ಆಸೆಯಿದ್ದು ಬ್ರಿಟನ್ನಿಗೆ ಹೊರಟವರು ಈ ದ್ವೀಪವನ್ನು ಪಟ್ಟಿಗೆ ಸೇರಿಸುವುದು ಸಹಜ. ಆದರೆ ಎರಡೋ ಮೂರೋ ದಿನದಲ್ಲಿ ಹತ್ತನ್ನೂ ಮುಗಿಸಿಬಿಡಬೇಕೆಂದು ಬರುವವರಿಗೆ ಮೂರನೆಯದಕ್ಕೆ ಹೋಗುವಷ್ಟರಲ್ಲಿ ತಾಮ್ರದ ಹಂಡೆಗಳೆಲ್ಲ ಒಂದೇ ಥರ ಕಾಣತೊಡಗುತ್ತವೆ, ನಾಲಿಗೆಗೆ ಹೊಗೆ ಬಿಟ್ಟು ಬೇರೇನೂ ತಿಳಿಯುವುದಿಲ್ಲ.

ಆದ್ದರಿಂದ ನಾಲ್ಕು ದಿನ ಇಟ್ಟುಕೊಳ್ಳಿ. ದಿನಕ್ಕೆ ಒಂದೇ ಒಂದು ಪೂರ್ತಿ ಟೂರ್ ಮಾಡಿ, ಬೇಕಿದ್ದರೆ ಇನ್ನೊಂದು ಕಡೆ ಸುಮ್ಮನೆ ಕೂತು ರುಚಿ ನೋಡಿ. ಮನೆಯ ಕಪಾಟಿನಲ್ಲಿರುವ ಬಾಟಲಿಯ ಹೆಸರು ನೋಡಿ ಡಿಸ್ಟಿಲರಿ ಆರಿಸಬೇಡಿ. ಅಲ್ಲಿ ಕಣ್ಣಾರೆ ಏನು ನೋಡಲು ಸಿಗುತ್ತದೆ ಎಂಬುದನ್ನು ವಿಚಾರಿಸಿ ಆರಿಸಿ. ಹತ್ತೂ ಕಡೆ ಎಲ್ಲ ಕೆಲಸವೂ ನಡೆಯುವುದಿಲ್ಲ.

ತಲುಪುವ ಬಗೆ

ಗ್ಲಾಸ್ಗೋದಿಂದ ಎರಡು ದಾರಿ. ಸಣ್ಣ ವಿಮಾನದಲ್ಲಿ ಮುಕ್ಕಾಲು ಗಂಟೆ. ಇಲ್ಲವೆಂದರೆ ಬ್ಯೂಕ್ಯಾನನ್ ಬಸ್ ನಿಲ್ದಾಣದಿಂದ ಸುಮಾರು ಮೂರೂವರೆ ಗಂಟೆ ಬಸ್ಸಿನಲ್ಲಿ ಕೆನಕ್ರೇಗ್ ತನಕ ಹೋಗಿ, ಅಲ್ಲಿಂದ ಕ್ಯಾಲ್‌ಮ್ಯಾಕ್ ಕಂಪನಿಯ ಫೆರಿ ಹತ್ತಿ ಎರಡು ಗಂಟೆಯ ಚಿಲ್ಲರೆ ಸಮುದ್ರಯಾನ. ಸಮಯವಿದ್ದರೆ ಎರಡನೆಯದನ್ನೇ ಆರಿಸಿ. ಲಾಕ್ ಲೊಮಂಡ್ ಸರೋವರದ ದಂಡೆಯಲ್ಲಿ ಸಾಗುವ ಆ ಬಸ್ ದಾರಿ ತಾನೇ ಒಂದು ಪ್ರವಾಸ.

ಐಲಾದಲ್ಲಿ ಫೆರಿ ನಿಲ್ಲುವ ಬಂದರುಗಳು ಎರಡು: ಈಶಾನ್ಯದಲ್ಲಿ ಪೋರ್ಟ್ ಆಸ್ಕೇಗ್, ದಕ್ಷಿಣದಲ್ಲಿ ಪೋರ್ಟ್ ಎಲೆನ್. ಸಾಧ್ಯವಾದರೆ ಪೋರ್ಟ್ ಆಸ್ಕೇಗಿನಲ್ಲಿ ಇಳಿದು ಪೋರ್ಟ್ ಎಲೆನ್‌ನಿಂದ ಮರಳಿ. ದಕ್ಷಿಣ ತೀರದ ವಿಸ್ಕಿಗಳು ಗಾಢ ಹೊಗೆಯವು. ಅವನ್ನು ಮೊದಲು ಕುಡಿದರೆ ಉತ್ತರದ ಬುನಹಾವನ್, ಪಶ್ಚಿಮದ ಬ್ರೂಕ್‌ಲ್ಯಾಡಿಯಂಥ ಮೆದು ವಿಸ್ಕಿಗಳ ರುಚಿ ಹತ್ತುವುದಿಲ್ಲ. ಗಾಳಿ ಜೋರಾದ ದಿನ ಫೆರಿ ರದ್ದಾಗುವುದು ಅಲ್ಲಿ ಮಾಮೂಲು. ದ್ವೀಪ ಬಿಡುವ ದಿನಕ್ಕೂ ಊರಿಗೆ ಮರಳುವ ವಿಮಾನಕ್ಕೂ ನಡುವೆ ಒಂದು ದಿನ ಕೈಯಲ್ಲಿರಲಿ. ಕಾರು ಒಯ್ಯುವುದಾದರೆ ಫೆರಿಯಲ್ಲಿ ಅದರ ಜಾಗವನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು. ನಡೆದು ಹತ್ತುವವರಿಗೆ ಅಷ್ಟು ಕಷ್ಟವಿಲ್ಲ.

ಕಾರು ಬೇಕೇ? ಊರಿನ ಬಸ್ಸುಗಳು ಇವೆ, ಆದರೆ ವಿರಳ. ಭಾನುವಾರ ಅವನ್ನು ನಂಬಿ ಯಾವ ಟೂರನ್ನೂ ಕಾದಿರಿಸಬೇಡಿ. ಭಾರತದ ಲೈಸೆನ್ಸ್ ಇಟ್ಟುಕೊಂಡು ಪ್ರವಾಸಿಗಳು ಬ್ರಿಟನ್ನಿನಲ್ಲಿ 12 ತಿಂಗಳವರೆಗೆ ಕಾರು ಓಡಿಸಬಹುದು, ಅಲ್ಲೂ ನಮ್ಮಂತೆ ಎಡಗಡೆಯ ಸಂಚಾರ. ಹಲವು ರಸ್ತೆಗಳು ಒಂದೇ ಗಾಡಿ ಹಿಡಿಸುವಷ್ಟು ಕಿರಿದು. ಎದುರು ಬಂದವರಿಗೆ ಅಲ್ಲಲ್ಲಿ ಮಾಡಿರುವ ಅಗಲದ ಜಾಗದಲ್ಲಿ ನಿಂತು ದಾರಿ ಬಿಡಬೇಕು. ಪ್ರತಿ ಚಾಲಕನೂ ಸ್ಟಿಯರಿಂಗಿನಿಂದ ಬೆರಳೆತ್ತಿ ನಮಸ್ಕರಿಸುತ್ತಾನೆ. ನೀವೂ ಎತ್ತಿ, ಅದು ದ್ವೀಪದ ಮರ್ಯಾದೆ.

ಕುಡಿದು ಓಡಿಸುವ ಯೋಚನೆಯನ್ನಂತೂ ಮಾಡಲೇಬೇಡಿ. ಸ್ಕಾಟ್ಲೆಂಡ್ 2014ರಲ್ಲಿ ತನ್ನ ಮಿತಿಯನ್ನು 100 ಮಿಲಿಲೀಟರ್ ರಕ್ತಕ್ಕೆ 80ರಿಂದ 50 ಮಿಲಿಗ್ರಾಂಗೆ ಇಳಿಸಿತು. ಒಂದೇ ಟೂರಿನಲ್ಲಿ ಕೊಡುವ ಮೂರು ನಾಲ್ಕು ಗುಟುಕು ಅದನ್ನು ದಾಟಿಸಬಲ್ಲವು. ಓಡಿಸುವವರು ಇದ್ದಾರೆಂದು ಮೊದಲೇ ಹೇಳಿದರೆ ಅವರ ಪಾಲನ್ನು ಪುಟ್ಟ ಸೀಸೆಗಳಲ್ಲಿ ತುಂಬಿ ಕೊಡುತ್ತಾರೆ, ರಾತ್ರಿ ಕೋಣೆಯಲ್ಲಿ ಕೂತು ಸವಿಯಬಹುದು. ಕುಡಿಯದವರೂ ಹಿಂಜರಿಯದೆ ಟೂರಿಗೆ ಬರಬಹುದು. ಮೊಳಕೆ ಧಾನ್ಯ, ಹುದುಗು, ಓಕ್ ಮರ, ಹೊಗೆ, ಇವುಗಳ ವಾಸನೆಯೇ ಅರ್ಧ ಅನುಭವ.

ಮೊಳಕೆ ಕಟ್ಟುವ ನೆಲ

ಬಾರ್ಲಿಯನ್ನು ನೆನೆಹಾಕಿ, ನೆಲದ ಮೇಲೆ ಹರಡಿ, ಮೊಳಕೆ ಬರಿಸಿ, ಸರಿಯಾದ ಹೊತ್ತಿಗೆ ಒಣಗಿಸುವುದು ವಿಸ್ಕಿಯ ಮೊದಲ ಕೆಲಸ. ಕೂಸಿಗೆ ರಾಗಿ ಮಣ್ಣಿ ಮಾಡಲು ಅಜ್ಜಿ ರಾಗಿಗೆ ಮೊಳಕೆ ಕಟ್ಟುತ್ತಿದ್ದಳಲ್ಲ, ತತ್ತ್ವ ಅದೇ: ಮೊಳೆಯುವಾಗ ಕಾಳಿನೊಳಗಿನ ಪಿಷ್ಟ ಸಕ್ಕರೆಯಾಗಲು ಅಣಿಯಾಗುತ್ತದೆ. ಇಂದು ಹೆಚ್ಚಿನ ಡಿಸ್ಟಿಲರಿಗಳು ಈ ಕೆಲಸವನ್ನು ಹೊರಗೆ ಮಾಡಿಸುತ್ತವೆ. ಪೋರ್ಟ್ ಎಲೆನ್‌ನ ದೊಡ್ಡ ಮಾಲ್ಟ್ ಕಾರ್ಖಾನೆ ದ್ವೀಪದ ಹಲವರಿಗೆ ಪೂರೈಸುತ್ತದೆ. ತಮ್ಮದೇ ನೆಲದಲ್ಲಿ ಒಂದಿಷ್ಟನ್ನಾದರೂ ಮೊಳಕೆ ಬರಿಸುವವರು ಲಫ್ರಾಯ್ಗ್, ಬೋಮೋರ್ ಮತ್ತು ಕಿಲ್‌ಹೋಮನ್. ಈ ಮೂರರಲ್ಲಿ ಒಂದನ್ನಾದರೂ ನೋಡದೆ ದ್ವೀಪ ಬಿಡಬೇಡಿ.

ನನ್ನ ಆಯ್ಕೆ ಕಿಲ್‌ಹೋಮನ್. 2005ರಲ್ಲಿ ಶುರುವಾದ ಇದು ಹೊಲದ ನಡುವಿನ ಡಿಸ್ಟಿಲರಿ. ಎದುರಿನ ಹೊಲದ ಬಾರ್ಲಿ ಅಲ್ಲೇ ಮೊಳೆತು, ಅಲ್ಲೇ ಬಟ್ಟಿಯಾಗಿ, ಅಲ್ಲೇ ಬಾಟಲಿ ಸೇರುವ ಒಂದು ವಿಸ್ಕಿಯನ್ನೂ ಅವರು ಮಾಡುತ್ತಾರೆ. ಟೂರ್ ಮುಗಿಸಿ ಹತ್ತಿರದ ಮಾಕಿರ್ ಬೇ ಮರಳತೀರಕ್ಕೆ ಹೋಗಿ. ಆದರೆ ನೀರಿಗಿಳಿಯಬೇಡಿ, ಸೆಳೆತ ಬಲವಾದದ್ದು.

ಮೊಳಕೆಯೊಡೆದ ಕಾಳನ್ನು ಒಣಗಿಸುವಾಗ ಗೂಡಿಗೆ ಪೀಟ್ ಹಾಕುತ್ತಾರೆ. ಜೌಗು ನೆಲದಲ್ಲಿ ಸತ್ತ ಪಾಚಿ, ಹೀದರ್ ಗಿಡ, ಹುಲ್ಲು ಪೂರ್ತಿ ಕೊಳೆಯದೆ ಪದರ ಪದರವಾಗಿ ಒತ್ತಿಕೊಂಡ ಕಪ್ಪು ಮಣ್ಣು ಅದು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ, ಅಂದರೆ ಒಂದು ಮೀಟರ್ ಆಳದ ಮಣ್ಣಿಗೆ ಸಾವಿರ ವರ್ಷದ ವಯಸ್ಸು. ಮರ ಕಡಿಮೆಯಿರುವ ಈ ದ್ವೀಪದ ಮನೆಗಳಲ್ಲಿ ಇದೇ ಸೌದೆಯಾಗಿತ್ತು. ಅದರ ಹೊಗೆಯಿಂದ ಕಾಳಿಗೆ ಹತ್ತುವ ಫಿನಾಲ್ ಎಂಬ ರಾಸಾಯನಿಕಗಳೇ ಐಲಾ ವಿಸ್ಕಿಯ ಆಸ್ಪತ್ರೆ, ಅಯೋಡಿನ್, ಕಡಲಕಳೆಯಂಥ ವಾಸನೆಗೆ ಮೂಲ. ಪೋರ್ಟ್ ಎಲೆನ್‌ನಿಂದ ಬೋಮೋರ್‌ಗೆ ಹೋಗುವ ನೇರ ರಸ್ತೆಯ ಪಕ್ಕ ಪೀಟ್ ಕತ್ತರಿಸಿದ ಕಂದಕಗಳು ಕಾಣುತ್ತವೆ; ಕಾರು ನಿಲ್ಲಿಸಿ ನೋಡಿ. ಮಾಲ್ಟ್ ಗೂಡಿನ ಬೆಂಕಿಗೆ ಹೋಗುವುದು ಎಷ್ಟು ಹಳೆಯ ನೆಲ ಎಂಬುದು ಅಲ್ಲಿ ನಿಂತಾಗ ಮನದಟ್ಟಾಗುತ್ತದೆ. ಇಂಗಾಲವನ್ನು ಹಿಡಿದಿಟ್ಟುಕೊಳ್ಳುವ ಈ ಜೌಗನ್ನು ಎಷ್ಟು ಕಾಲ ಹೀಗೆ ಸುಡಬಹುದು ಎಂದು ಗೈಡನ್ನು ಕೇಳಲು ಸಂಕೋಚ ಬೇಡ. ಕೇಳಲೇಬೇಕಾದ ಪ್ರಶ್ನೆ ಅದು.

ಜಿನ್ ನೋಡಲು ಬ್ರೂಕ್‌ಲ್ಯಾಡಿ

ಇಡೀ ದ್ವೀಪದಲ್ಲಿ ಒಂದೇ ಒಂದು ಡಿಸ್ಟಿಲರಿಗೆ ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಬ್ರೂಕ್‌ಲ್ಯಾಡಿ. 1881ರಲ್ಲಿ ಕಟ್ಟಿದ್ದು, 1994ರಲ್ಲಿ ಮುಚ್ಚಿತು. 2001ರಲ್ಲಿ ಮಾರ್ಕ್ ರೇನಿಯರ್ ಮತ್ತು ಜೊತೆಗಾರರು ಅದನ್ನು ಮತ್ತೆ ತೆರೆದಾಗ ವಿಕ್ಟೋರಿಯಾ ಕಾಲದ ಯಂತ್ರಗಳನ್ನು ಕಿತ್ತೊಗೆಯಲಿಲ್ಲ, ರಿಪೇರಿ ಮಾಡಿಸಿ ಓಡಿಸಿದರು. ಬಾಯಿ ತೆರೆದ ಎರಕದ ಕಬ್ಬಿಣದ ತೊಟ್ಟಿಯಲ್ಲಿ ಬಿಸಿನೀರು ಮತ್ತು ಮಾಲ್ಟ್ ಹಿಟ್ಟನ್ನು ಹಳೆಯ ಗೇರುಗಳು ಕಲಸುವುದು ಇಂದಿಗೂ ಕಾಣುತ್ತದೆ. ಬೇರೆಡೆ ಮುಚ್ಚಿದ ಉಕ್ಕಿನ ಪಾತ್ರೆಯ ಪುಟ್ಟ ಗಾಜಿನ ಕಿಂಡಿಯಿಂದ ಇಣುಕಬೇಕು.

ಅದೇ ಕಟ್ಟಡದಲ್ಲಿ 'ಅಗ್ಲಿ ಬೆಟ್ಟಿ' ಎಂದು ಕರೆಯುವ ದಪ್ಪ ಕತ್ತಿನ ವಿಚಿತ್ರ ಹಂಡೆಯಿದೆ. ಡಂಬಾರ್ಟನ್‌ನ ಕೆಡವಿದ ಡಿಸ್ಟಿಲರಿಯೊಂದರಿಂದ ತಂದ ಲೊಮಂಡ್ ಮಾದರಿಯ ಈ ಹಂಡೆಯಲ್ಲಿ 2010ರಿಂದ ಬಾಟನಿಸ್ಟ್ ಜಿನ್ ಇಳಿಸುತ್ತಿದ್ದಾರೆ. ಜಿನ್ನಿಗೆ ಜುನಿಪರ್ ಕಾಯಿ ಕಡ್ಡಾಯ. ಕೊತ್ತಂಬರಿ ಬೀಜ, ಏಂಜೆಲಿಕಾ ಬೇರು, ನಿಂಬೆ ಸಿಪ್ಪೆಯಂಥವು ಸಾಮಾನ್ಯ. ಬಾಟನಿಸ್ಟಿನಲ್ಲಿ ಇಂಥ ಒಂಬತ್ತರ ಜೊತೆಗೆ ಐಲಾದಲ್ಲೇ ಕೈಯಿಂದ ಕಿತ್ತು ತಂದ 22 ಗಿಡಮೂಲಿಕೆಗಳಿವೆ: ಪುದೀನ, ಹೀದರ್ ಹೂ, ಹಳದಿ ಗಾರ್ಸ್ ಹೂ, ಜೌಗಿನ ಬಾಗ್ ಮರ್ಟಲ್ ಎಲೆ ಹೀಗೆ. ಸೂಕ್ಷ್ಮವಾದ ಎಲೆ ಹೂಗಳನ್ನು ಬುಟ್ಟಿಯಲ್ಲಿಟ್ಟು ಆವಿಯನ್ನು ಮಾತ್ರ ಅವುಗಳ ಮೂಲಕ ಹಾಯಿಸುತ್ತಾರೆ.

ವಿಸ್ಕಿಯನ್ನೂ ಜಿನ್ನನ್ನೂ ಒಂದೇ ದಿನ, ಒಂದೇ ಕಡೆ ನೋಡಿದಾಗ ಈ ಉದ್ಯಮದ ಲೆಕ್ಕ ಬಿಡಿಸಿಕೊಳ್ಳುತ್ತದೆ. ಕಾಯ್ದೆಯ ಪ್ರಕಾರ ಸ್ಕಾಚ್ ವಿಸ್ಕಿ ಸ್ಕಾಟ್ಲೆಂಡಿನ ನೆಲದಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಮಾಗಬೇಕು. ಒಳ್ಳೆಯದು ಹತ್ತು ಹನ್ನೆರಡು ವರ್ಷ ಕಾಯುತ್ತದೆ. ಜಿನ್ನಿಗೆ ಆ ಕಾಯುವಿಕೆ ಇಲ್ಲ. ಸ್ಕಾಟ್ಲೆಂಡಿನಲ್ಲಿ ಹೊಸದಾಗಿ ಶುರುವಾದ ಎಷ್ಟೋ ಡಿಸ್ಟಿಲರಿಗಳು ಮೊದಲು ಜಿನ್ ಮಾರಿ ಸಂಬಳ ಕೊಡುವುದು ಇದೇ ಕಾರಣಕ್ಕೆ.

ಪೀಪಾಯಿ ಉಗ್ರಾಣದ ಟೂರ್ ಸಿಕ್ಕರೆ ದುಡ್ಡು ಹೆಚ್ಚಾದರೂ ಬಿಡಬೇಡಿ. ತಣ್ಣನೆಯ ಕತ್ತಲಲ್ಲಿ ಪೀಪಾಯಿಯಿಂದಲೇ ತೆಗೆದು ಕೊಡುವ ವಿಸ್ಕಿಗೆ ನೀರು ಬೆರೆಸಿರುವುದಿಲ್ಲ, ಶೇ 55–60ರಷ್ಟು ಮದ್ಯಸಾರ ಇರುತ್ತದೆ. ಕೆಲವು ಹನಿ ನೀರು ಹಾಕಿಕೊಂಡರೆ ವಾಸನೆ ಅರಳುತ್ತದೆ. ಅಲ್ಲಿಯ ಚಳಿಯಲ್ಲಿ ವರ್ಷಕ್ಕೆ ಶೇ 2ರಷ್ಟು ವಿಸ್ಕಿ ಮರದ ಮೂಲಕ ಆವಿಯಾಗುತ್ತದೆ. ನಮ್ಮ ಬೆಂಗಳೂರಿನ ಬಿಸಿಲಿಗೆ ಅಮೃತ್ ಡಿಸ್ಟಿಲರಿಯ ಪೀಪಾಯಿಗಳಿಂದ ಹಾರಿಹೋಗುವುದು ಶೇ 10ಕ್ಕೂ ಹೆಚ್ಚು. ಆದ್ದರಿಂದಲೇ ಅಮೃತ್ ನಾಲ್ಕೈದು ವರ್ಷಕ್ಕೆ ಮಾಗಿಬಿಡುತ್ತದೆ. ಆ ಅಮೃತ್ ಸಿಂಗಲ್ ಮಾಲ್ಟ್ ಮೊದಲು ಮಾರುಕಟ್ಟೆ ಕಂಡದ್ದು ಬೆಂಗಳೂರಿನಲ್ಲಲ್ಲ, 2004ರಲ್ಲಿ ಗ್ಲಾಸ್ಗೋದಲ್ಲಿ. ಉಗ್ರಾಣದಲ್ಲಿ ಈ ಮಾತು ತೆಗೆದು ನೋಡಿ, ಗೈಡಿನ ಮಾತು ಟೂರಿನ ಪಾಠ ಬಿಟ್ಟು ಬೇರೆ ಕಡೆ ಹರಿಯುತ್ತದೆ.

ನಡೆದೇ ಹೋಗುವ ಮೂರು

ಪೋರ್ಟ್ ಎಲೆನ್‌ನಿಂದ ಪೂರ್ವಕ್ಕೆ ರಸ್ತೆಯ ಪಕ್ಕದಲ್ಲೇ ಕಾಲುದಾರಿಯಿದೆ. ಸುಮಾರು ಐದು ಕಿಲೋಮೀಟರಿನಲ್ಲಿ ಲಫ್ರಾಯ್ಗ್ (1815), ಲಗವೂಲಿನ್ (1816), ಆರ್ಡ್‌ಬೆಗ್ (1815) ಒಂದರ ನಂತರ ಒಂದು ಸಿಗುತ್ತವೆ. ಕಾರಿನ ಚಿಂತೆಯಿಲ್ಲದ ದಿನ ಇದು. ಪೂರ್ತಿ ಟೂರ್ ಲಫ್ರಾಯ್ಗಿನಲ್ಲಿ ಮಾಡಿ, ಉಳಿದೆರಡರಲ್ಲಿ ರುಚಿ ಸಾಕು. 1934ರಲ್ಲಿ ಬೇಸಿಗೆ ಕಾಲದ ಟೈಪಿಸ್ಟ್ ಕೆಲಸಕ್ಕೆಂದು ಲಫ್ರಾಯ್ಗಿಗೆ ಬಂದ ಬೆಸ್ಸಿ ವಿಲಿಯಮ್ಸನ್ 1954ರಲ್ಲಿ ಅದರ ಒಡತಿಯಾದಳು. ಗಂಡಸರದೇ ಆಗಿದ್ದ ಉದ್ಯಮದಲ್ಲಿ ಅವಳು ಆ ಹೊಗೆಯ ರುಚಿಯನ್ನು ಅಮೆರಿಕದವರಿಗೆ ಹಿಡಿಸಿದ ಕತೆಯನ್ನು ಅಲ್ಲಿಯವರ ಬಾಯಲ್ಲೇ ಕೇಳಬೇಕು. ಪಕ್ಕದ ಲಗವೂಲಿನ್‌ನ ಪೀಟರ್ ಮ್ಯಾಕಿ, ಲಫ್ರಾಯ್ಗ್ ಮಾರುವ ಹಕ್ಕು ಕೈತಪ್ಪಿದ ಸಿಟ್ಟಿಗೆ 1908ರಲ್ಲಿ ಅದರ ಪಡಿಯಚ್ಚಿನಂಥ ಮಾಲ್ಟ್ ಮಿಲ್ ಡಿಸ್ಟಿಲರಿಯನ್ನು ತನ್ನ ಅಂಗಳದಲ್ಲೇ ಕಟ್ಟಿದ. ಹಂಡೆಯ ಆಕಾರ ಬಂತು, ರುಚಿ ಬರಲಿಲ್ಲ.

ಆರ್ಡ್‌ಬೆಗ್ ಮುಟ್ಟುವ ಹೊತ್ತಿಗೆ ಹಸಿವಾಗಿರುತ್ತದೆ. ಮಾಂಸ, ಮೀನು ತಿನ್ನುವವರಿಗೆ ದ್ವೀಪದಲ್ಲಿ ಏನೂ ತೊಂದರೆಯಿಲ್ಲ. ಸಿಂಪಿ, ಏಡಿ ತಾಜಾ ಸಿಗುತ್ತವೆ. ಸಸ್ಯಾಹಾರಿಗಳಿಗೆ ಸೂಪು, ಬ್ರೆಡ್ಡು, ಚೀಸು, ಆಲೂಗಡ್ಡೆ. ಪೋರ್ಟ್ ಎಲೆನ್ ಮತ್ತು ಬೋಮೋರ್‌ನ ಕೋಆಪ್ ಅಂಗಡಿಗಳಿಂದ ಸಾಮಾನು ಕೊಂಡು ಅಡುಗೆ ಮಾಡಿಕೊಳ್ಳಬಹುದಾದ ಮನೆ ಹಿಡಿಯುವುದು ಉತ್ತಮ. ಚಟ್ನಿಪುಡಿ ಜೊತೆಯಲ್ಲಿರಲಿ. ಖಾಲಿ ಹೊಟ್ಟೆಯಲ್ಲಿ ಯಾವ ಟೂರಿಗೂ ಹೋಗಬೇಡಿ.

ಉಳಿದವುಗಳಲ್ಲಿ ಕಲ್ ಈಲಾದ ಹಂಡೆ ಮನೆಯ ಗಾಜಿನ ಗೋಡೆಯಾಚೆ ಕಡಲ ಕಾಲುವೆ ಮತ್ತು ಜುರಾ ದ್ವೀಪದ ಬೆಟ್ಟಗಳು ಕಾಣುತ್ತವೆ. ಜಾನಿ ವಾಕರ್ ಕುಡಿದವರೆಲ್ಲ ಇಲ್ಲಿಯ ಹೊಗೆಯನ್ನು ಅರಿವಿಲ್ಲದೆಯೇ ಕುಡಿದಿದ್ದಾರೆ. ಬೋಮೋರ್ 1779ರದು, ದ್ವೀಪದಲ್ಲಿ ಎಲ್ಲಕ್ಕಿಂತ ಹಳೆಯದು. ಎದುರು ದಂಡೆಯ ಪೋರ್ಟ್ ಷಾರ್ಲೆಟ್‌ನಲ್ಲಿ ಮುಚ್ಚಿಹೋದ ಡಿಸ್ಟಿಲರಿಯ ಕಟ್ಟಡದಲ್ಲೇ ಯೂತ್ ಹಾಸ್ಟೆಲ್ ಇದೆ; ಕಡಿಮೆ ಖರ್ಚಿನಲ್ಲಿ ಉಳಿಯುವವರಿಗೆ ಒಳ್ಳೆಯ ಜಾಗ.

ಇನ್ನೊಂದು ದಿನ ಉಳಿದರೆ ಪೋರ್ಟ್ ಆಸ್ಕೇಗಿನಿಂದ ಐದೇ ನಿಮಿಷದ ದೋಣಿಯಲ್ಲಿ ಜುರಾ ದ್ವೀಪ ತಲುಪಬಹುದು. ಅಲ್ಲಿಯ ಕ್ರೇಗ್‌ಹೌಸ್ ಊರಿನ ಡಿಸ್ಟಿಲರಿ 2007ರಿಂದ 2014ರವರೆಗೆ, ವೈಟ್ ಅಂಡ್ ಮಕಾಯ್ ಕಂಪನಿಯ ಮೂಲಕ, ಬೆಂಗಳೂರಿನ ಯುಬಿ ಸಮೂಹದ ಒಡೆತನದಲ್ಲಿತ್ತು. ಇನ್ನೂ ಉತ್ತರಕ್ಕೆ ಆರ್ಡ್‌ಲುಸ್ಸಾದಲ್ಲಿ ಮೂವರು ಹೆಂಗಸರು ಸೇರಿ ಕಟ್ಟಿದ ಲುಸ್ಸಾ ಜಿನ್ ಡಿಸ್ಟಿಲರಿಯಿದೆ. ಮೊದಲೇ ಬರೆದು ಕೇಳಿಕೊಂಡು ಹೋಗಿ, ಏಕೆಂದರೆ ರಸ್ತೆ ಒಂದೇ, ಉದ್ದ.

ಯಾವಾಗ, ಏನು ತರಬಹುದು

ಮೇ ಕೊನೆಯ ಹೊತ್ತಿಗೆ ಫೇಶ್ ಈಲಾ ಎಂಬ ಸಂಗೀತ ಮತ್ತು ವಿಸ್ಕಿ ಉತ್ಸವ ನಡೆಯುತ್ತದೆ. ಮೊದಲ ಸಲ ಹೋಗುವವರು ಆ ವಾರವನ್ನು ಬಿಟ್ಟುಬಿಡಿ. ವರ್ಷದ ಮೊದಲೇ ಕೋಣೆಗಳು ತುಂಬಿರುತ್ತವೆ, ಕೆಲಸಗಾರರೊಡನೆ ನಾಲ್ಕು ಮಾತಾಡಲು ಪುರುಸೊತ್ತು ಸಿಗುವುದಿಲ್ಲ. ಬೇಸಿಗೆಯ ನಡುವೆ ಒಂದೆರಡು ವಾರ ಹಂಡೆಗಳನ್ನು ಆರಿಸಿ ದುರಸ್ತಿ ಮಾಡುತ್ತಾರೆ, ಆಗ ನಿಮಗೆ ಕಾಣುವುದು ಕಟ್ಟಡ ಮಾತ್ರ. ಟೂರ್ ಕಾದಿರಿಸುವಾಗ ಆ ದಿನ ಹಂಡೆ ಉರಿಯುತ್ತಿರುತ್ತದೆಯೇ ಎಂದು ಕೇಳಿ. ನಾನಾದರೆ ಅಕ್ಟೋಬರ್ ಆರಿಸುತ್ತೇನೆ: ಗ್ರೀನ್‌ಲ್ಯಾಂಡಿನಿಂದ ಬಾರ್ನಕಲ್ ಹೆಬ್ಬಾತುಗಳು ಸಾವಿರ ಸಾವಿರವಾಗಿ ಲಾಕ್ ಗ್ರೂಯ್ನಾರ್ಟ್ ಬಯಲಿಗೆ ಇಳಿಯುವ ಕಾಲ ಅದು. ಬೇಸಿಗೆಯಾದರೂ ಮಳೆಯಂಗಿ, ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಹಂಡೆ ಮನೆಯಲ್ಲಿ ಮದ್ಯದ ಆವಿ ಇರುವುದರಿಂದ ಕೆಲವೆಡೆ ಫೋನ್ ತೆಗೆಯಲು ಬಿಡುವುದಿಲ್ಲ, ಒತ್ತಾಯ ಮಾಡಬೇಡಿ.

ಸ್ಕಾಟ್ಲೆಂಡಿನ ಅಂಗಡಿಗಳಲ್ಲಿ ಮದ್ಯ ಮಾರುವುದು ಬೆಳಗ್ಗೆ 10ರಿಂದ ರಾತ್ರಿ 10ರವರೆಗೆ ಮಾತ್ರ. ಬೇರೆಲ್ಲೂ ಸಿಗದ ಬಾಟಲಿಗಳನ್ನು ಡಿಸ್ಟಿಲರಿಯ ಅಂಗಡಿಯಲ್ಲೇ ಕೊಳ್ಳಿ, ಸಾಮಾನ್ಯವಾದವನ್ನು ಅಲ್ಲಿಂದ ಹೊತ್ತು ತರುವ ಅಗತ್ಯವಿಲ್ಲ. ಭಾರತಕ್ಕೆ ಸುಂಕವಿಲ್ಲದೆ ಒಬ್ಬ ವಯಸ್ಕರು ತರಬಹುದಾದದ್ದು 2 ಲೀಟರ್. ಅಲ್ಲಿಯ ಬಾಟಲಿ 700 ಮಿಲಿಲೀಟರಿನದು, ಮೂರು ಸೇರಿದರೆ 100 ಮಿಲಿಲೀಟರ್ ಹೆಚ್ಚಾಗಿ ಸುಂಕದ ಕೌಂಟರಿಗೆ ಹೋಗಬೇಕಾಗುತ್ತದೆ. ಎರಡು ದೊಡ್ಡ ಬಾಟಲಿ, ಜೊತೆಗೆ 200 ಮಿಲಿಲೀಟರಿನ ಸಣ್ಣವು ಎರಡು ಎಂದು ಲೆಕ್ಕ ಹಾಕಿಕೊಳ್ಳಿ. ಎಲ್ಲವೂ ಚೆಕ್‌ಇನ್ ಸೂಟ್‌ಕೇಸಿಗೆ ಹೋಗಬೇಕು, ಶೇ 70ಕ್ಕಿಂತ ಹೆಚ್ಚು ಮದ್ಯಸಾರವಿರುವುದನ್ನು ವಿಮಾನದಲ್ಲಿ ಒಯ್ಯುವಂತೆಯೇ ಇಲ್ಲ. ಬಾಟಲಿಗಳನ್ನು ಉಣ್ಣೆ ಸ್ವೆಟರಿನಲ್ಲಿ ಸುತ್ತಿ ಪೆಟ್ಟಿಗೆಯ ನಟ್ಟನಡುವೆ ಇಡಿ.